ಮಾತಾಡಬೇಕಿದ್ದ ಮಾಮ

ಲುಬುಕ್ ಕಲಾಮ್
೧೨ ಜುಲೈ ೧೯೯೮

ಬಹ್ರುಮಣ್ಣನಿಗೆ ತಂಗಿಯ ಸಲಾಮ್.

ನಿನ್ನ ಕಾರ್ಡು ಕೈಸೇರಿತು. ‘ಗಲಾಟೆ ಮುಗಿಯಿತು, ಕ್ಷೇಮ’ ಎಂದಷ್ಟೇ ಬರೆದಿದ್ದೀಯ. ಜಕಾರ್ತಾ ಹೊತ್ತಿ ಉರಿಯುವುದನ್ನು ಪಕ್ಕದ ಮನೆಯ ಟೀವಿಯಲ್ಲಿ ನೋಡಿ ಎದೆ ಹಿಡಿದುಕೊಂಡು ಕೂತಿದ್ದವಳಿಗೆ ಅಷ್ಟು ಸಾಕಾಗುತ್ತದೆಯೇ? ಇರಲಿ, ಬದುಕಿದ್ದೀಯಲ್ಲ. ನಿನ್ನ ಅನ್ನದಂಗಡಿಯ ನಂಬರಿಗೆ ಎರಡು ಸಲ ಫೋನ್ ಹಚ್ಚಿದೆ. ಬರೀ ಕುಂಯ್ ಎನ್ನುತ್ತದೆ. ಕಾರ್ಡಿನ ಮೇಲೆ ನಿನ್ನ ಕೋಣೆಯ ವಿಳಾಸವಿತ್ತು, ಅಲ್ಲಿಗೇ ಬರೆಯುತ್ತಿದ್ದೇನೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಗುಸ್ತಿನಾಗೆ ಗಂಡು ಗೊತ್ತಾಗಿದೆ. ನಾವು ಗೊತ್ತುಮಾಡಿದ್ದಲ್ಲ, ಅವಳೇ ಮಾಡಿಕೊಂಡದ್ದು. ಹೆಸರು ಸುಗೆಂಗ್. ಗಣಿಯಲ್ಲಿ ಮರದ ಕಂಬ ನಿಲ್ಲಿಸುತ್ತಿದ್ದ ಬಡಗಿಯ ಮಗ. ಅಪ್ಪ ಸತ್ತಿದ್ದಾನೆ, ತಾಯಿ ಇದ್ದಾಳೆ. ಹುಡುಗ ನನ್ನ ಅಂಗಡಿಗೆ ಬಾಳೆಹಣ್ಣಿನ ಬಜ್ಜಿ ತಿನ್ನಲು ಬರುತ್ತಿದ್ದ. ನಾನು ಪೆದ್ದಿ, ಬಜ್ಜಿ ರುಚಿಯಾಗಿದೆ ಅಂದುಕೊಂಡಿದ್ದೆ.

ತೊಡಕು ಎಲ್ಲಿದೆ ಅಂತ ನಿನಗೆ ಗೊತ್ತಾಗಿರಬೇಕು. ಅವನ ಮುತ್ತಜ್ಜ ಡಚ್ಚರ ಕಾಲದಲ್ಲಿ ಜಾವಾದಿಂದ ಕಾಲಿಗೆ ಸರಪಳಿ ಹಾಕಿಸಿಕೊಂಡು ಗಣಿಗೆ ಬಂದ ಕೈದಿ. ಸೇತುವೆಯಾಚೆ ಗೋರಿ ದಿಣ್ಣೆಯಲ್ಲಿ ಹೆಸರಿಲ್ಲದೆ ನಂಬರು ಕೊರೆದ ಕಲ್ಲುಗಳಿವೆಯಲ್ಲ, ಅವುಗಳಲ್ಲೊಂದು ಅವನದು. ಯಾವುದೆಂದು ಮನೆಯವರಿಗೂ ಗೊತ್ತಿಲ್ಲ. ನಮ್ಮ ಕುಲದ ಹಿರಿಯ ದಾತುಕ್ ಅಂಗಡಿ ಮುಂದೆ ಬಂದು ಕೂತು ಹೇಳಿದ:

“ಹುಡುಗ ಒಳ್ಳೆಯವನೇ ಇರ್ಬೋದು ಯರ್ನಿಸ್. ಆದ್ರೆ ಕುಲ ಇಲ್ಲ, ಬೇರಿಲ್ಲ. ಸೌದೆ ತುಂಡಿಗೂ ಇಂಥ ಮರದ್ದು ಅಂತ ಒಂದು ಇರುತ್ತಲ್ಲ?”

“ಅವನಿಗೆ ಎರಡು ಕೈ ಇದೆ ದಾತುಕ್. ನಿಮ್ಮ ಅಳಿಯಂದಿರಿಗೆ ಕುಲ ಇದೆ, ಕೈ ಎಲ್ಲಿದೆ ಅಂತ ಹುಡುಕ್ಬೇಕು,” ಅಂದೆ.

ಅವನಿಗೆ ಸಿಟ್ಟು ಬರಲಿಲ್ಲ, ನಕ್ಕ. “ಹುಡುಗಿಯ ಸ್ವಂತ ಮಾಮ ಜೀವಂತ ಇದಾನೆ. ಅವನು ಬಂದು ಚಾಪೆ ಮೇಲೆ ಕೂತು ‘ಇವನನ್ನ ನಾನು ಒಪ್ಪಿದೀನಿ’ ಅಂತ ಹತ್ತು ಜನರ ಮುಂದೆ ಹೇಳ್ಲಿ. ಆಮೇಲೆ ನಾನು ತುಟಿ ಪಿಟಕ್ಕನ್ನಲ್ಲ.”

ಅವಳಪ್ಪ ಬದುಕಿದ್ದಿದ್ದರೂ ಇದು ಅವನ ಕೈಯ ಕೆಲಸವಾಗುತ್ತಿರಲಿಲ್ಲ ಅಣ್ಣ. ಕುಲ ತಾಯಿಯ ಕಡೆಯಿಂದ ಬರುವ ನಮ್ಮಲ್ಲಿ ಇದು ಮಾಮನದೇ. ಬಾ.

ಇನ್ನೊಂದು ಮಾತು. ಕಲ್ಲಿದ್ದಲು ಕಂಪನಿ ಹೋಗುವಾಗ ಗಣಿಯ ಬಾಯಿಗೆ ಗೋಡೆ ಕಟ್ಟಿಸಿ ಹೋಯಿತು. ಈಗ ಗುಡ್ಡದ ಹಿಂದೆ ಜನ ತಾವೇ ಬಿಲ ಕೊರೆದು ಕಲ್ಲಿದ್ದಲು ತೆಗೆಯುತ್ತಾರೆ. ಇಲಿಬಿಲ ಅನ್ನುತ್ತಾರೆ, ಹಾಗೇ ಇದೆ. ಸುಗೆಂಗ್ ಕೂಡ ಅಲ್ಲಿಗೇ ಹೋಗುತ್ತಾನೆ. ಅವನನ್ನು ನಿನ್ನ ಅಂಗಡಿಗೆ ಕರೆದುಕೊಂಡು ಹೋಗು. ಜಾವಾದವನಾದರೂ ಖಾರ ಅರೆಯಲು ಬರುತ್ತದೆ.

ನಿನ್ನ ದಾರಿ ನೋಡುತ್ತಿರುವ,
ಯರ್ನಿಸ್


ಜಕಾರ್ತಾ
೩ ಸೆಪ್ಟೆಂಬರ್ ೧೯೯೮

ಪ್ರೀತಿಯ ಯರ್ನಿಸ್,

ನಿನ್ನ ಪತ್ರ ಓದಿ ಗಟ್ಟಿಯಾಗಿ ನಕ್ಕೆ. ಪಕ್ಕದ ಕೋಣೆಯವನು ಬಾಗಿಲು ಬಡಿದು ‘ಏನಾಯ್ತು ಯಜಮಾನ್ರೆ’ ಅಂದ. ‘ನನ್ನ ಸೊಸೆ ಗಂಡು ಹಿಡ್ಕೊಂಡಿದಾಳಪ್ಪಾ’ ಅಂದೆ.

ದಾತುಕ್‌ಗೆ ಹೇಳು: ಬಹ್ರುಮ್ ಬರುತ್ತಾನೆ, ಚಾಪೆಯ ಮೇಲೆ ಕೂರುತ್ತಾನೆ, ಮಾತಾಡುತ್ತಾನೆ. ಕುಲವಿಲ್ಲದಿದ್ದರೆ ಕುಲಕ್ಕೆ ಸೇರಿಸಿಕೊಳ್ಳುವ ಪದ್ಧತಿ ನಮ್ಮ ಹಿರಿಯರೇ ಮಾಡಿಟ್ಟಿದ್ದಾರೆ. ಒಂದು ಎಮ್ಮೆ ಕೊಯ್ದರೆ ಮುಗಿಯಿತು. ಆ ಎಮ್ಮೆ ನನ್ನ ಲೆಕ್ಕ.

ಆದರೆ ಈಗಲೇ ಹೊರಡಲು ಆಗದು. ವ್ಯಾಪಾರ ಮತ್ತೆ ಕುದುರುತ್ತಿದೆ. ಅಂಗಡಿಯಲ್ಲಿ ಮಧ್ಯಾಹ್ನ ಕಾಲಿಡಲು ಜಾಗವಿರುವುದಿಲ್ಲ. ಉಪವಾಸದ ತಿಂಗಳಿಗೆ ಮುಂಚೆ ಬರುತ್ತೇನೆ. ಹಿಂದಿರುಗುವಾಗ ಹುಡುಗನನ್ನು ಜೊತೆಗೆ ಕರೆತರುತ್ತೇನೆ. ತೋಳಿನ ಮೇಲೆ ಹದಿನೈದು ತಟ್ಟೆ ಜೋಡಿಸಿಕೊಂಡು ನಡೆಯುವುದು ಕಲಿಯಲಿ, ಗಣಿಯಲ್ಲಿ ಬಾಗಿದ ಬೆನ್ನು ನೆಟ್ಟಗಾಗುತ್ತದೆ.

ಮಸೀದಿಯ ಚಿಮಣಿ ಹೇಗಿದೆ? ನಾವು ಚಿಕ್ಕವರಿದ್ದಾಗ ಅಜ್ಜ ಹೇಳುತ್ತಿದ್ದರಲ್ಲ, ಮೊದಲು ಅದು ಕರೆಂಟು ಮಾಡುವ ಮನೆಯಾಗಿತ್ತು, ಹೊಗೆ ಬರುತ್ತಿದ್ದ ಕೊಳವೆಯಿಂದ ಈಗ ಬಾಂಗು ಬರುತ್ತದೆ ಅಂತ. ಕಲ್ಲಿದ್ದಲು ತುಂಬುತ್ತಿದ್ದ ಆ ಮೂರು ಗೋಪುರಗಳು? ಸ್ಟೇಷನ್ನಿನ ಮುಂದಿನ ಮಾವಿನಮರ? ಎಲ್ಲ ವಿವರವಾಗಿ ಬರೆ. ಕೋಣೆಯ ವಿಳಾಸಕ್ಕೇ ಹಾಕು, ಅಂಗಡಿಯಲ್ಲಿ ಪತ್ರಗಳು ಕಳೆದುಹೋಗುತ್ತವೆ.

ನಿನ್ನ ಅಣ್ಣ,
ಬಹ್ರುಮ್


ಲುಬುಕ್ ಕಲಾಮ್
೧೮ ಅಕ್ಟೋಬರ್ ೧೯೯೮

ಅಣ್ಣ,

ಚಿಮಣಿ ಬಗ್ಗೆ ಕೇಳಿದ್ದೀಯ. ಚಿಮಣಿಗೇನಾಗುತ್ತದೆ, ನಿಂತಿದೆ. ಅದಕ್ಕೆ ಊಟ ಬೇಕೇ, ಮದುವೆ ಬೇಕೇ? ಮೂರು ಗೋಪುರಗಳೂ ನಿಂತಿವೆ. ಒಳಗೆ ಖಾಲಿ, ಗಾಳಿ ಬಂದಾಗ ಊಳಿಡುತ್ತವೆ. ಸ್ಟೇಷನ್ನಿಗೆ ರೈಲು ಬರುವುದಿಲ್ಲ, ಹಳಿಯ ಮೇಲೆ ಜನ ಮೆಣಸಿನಕಾಯಿ ಒಣಗಿಸುತ್ತಾರೆ. ಸಾವಿರಾರು ಜನರಿಗೆ ಹಬೆಯಲ್ಲಿ ಅನ್ನ ಬೇಯಿಸುತ್ತಿದ್ದ ಕಂಪನಿಯ ಅಡುಗೆಮನೆಯಲ್ಲಿ ಬಾವಲಿಗಳಿವೆ. ಅದರ ಜಗುಲಿಯ ಮೇಲೆ ನನ್ನ ಬಜ್ಜಿ ಒಲೆ ಇದೆ. ಊರಿನ ವಿವರ ಇಷ್ಟೇ. ಇನ್ನು ಮನುಷ್ಯರ ವಿಚಾರ ಕೇಳು.

ನಿನ್ನ ಪತ್ರವನ್ನು ಗುಸ್ತಿನಾ ಗಟ್ಟಿಯಾಗಿ ಓದಿದಳು. ಎಮ್ಮೆಯ ಮಾತು ಬಂದಾಗ ಸುಗೆಂಗ್ ತಲೆ ತಗ್ಗಿಸಿಕೊಂಡು, “ಅಮ್ಮಾ, ಅಷ್ಟು ದೊಡ್ಡ ಪ್ರಾಣಿ ಯಾಕೆ? ನಾನೇನು ಅಷ್ಟು ದಪ್ಪ ಇಲ್ವಲ್ಲ, ಒಂದು ಆಡು ಸಾಕಾಗಲ್ವಾ?” ಅಂದ. ಗುಸ್ತಿನಾ ನಕ್ಕು ನಕ್ಕು ಬಜ್ಜಿ ಸೀದುಹೋಯಿತು. ಅವಳು ನಗುವುದನ್ನು ಅವಳಪ್ಪ ಹೋದಮೇಲೆ ನಾನು ಕಂಡಿರಲಿಲ್ಲ.

ಹೋದ ವಾರ ಒಂದು ಬಿಲದ ಬಾಯಿ ಕುಸಿಯಿತು. ಊಟದ ಹೊತ್ತು, ಒಳಗೆ ಯಾರೂ ಇರಲಿಲ್ಲ. ನಾನು ಅವನಿಗೆ ಹೇಳಿದೆ, “ಸಾಕು ಬಿಡೋ. ಮಾಮ ಬರೋವರೆಗೂ ನನ್ ಅಂಗಡೀಲಿ ಬಾಳೆಹಣ್ಣು ಸುಲಿ.” ಅದಕ್ಕವನು, “ಮಾಮ ಬಂದಾಗ ಕೈಯಲ್ಲಿ ಏನೂ ಇಲ್ದೆ ನಿಂತ್ಕೊಳ್ಳೋದು ಹೇಗಮ್ಮಾ? ಅವ್ರು ಕರೆದ ದಿನ ಬಿಡ್ತೀನಿ. ಆಣೆ,” ಅಂದ.

ಕರೆ ಅಣ್ಣ. ನೀನು ಬರುವುದು ತಡವಾದರೂ ಸರಿ, ಅವನನ್ನು ಮೊದಲು ಕರೆಸಿಕೋ. ‘ಬಾ’ ಎಂದು ಒಂದು ಸಾಲು ಬರೆದರೆ ಸಾಕು.

ಯರ್ನಿಸ್


ಜಕಾರ್ತಾ
೨೫ ನವೆಂಬರ್ ೧೯೯೮

ಪ್ರೀತಿಯ ಯರ್ನಿಸ್,

ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಇಲ್ಲಿ ಮತ್ತೆ ಗಲಾಟೆ, ವಿದ್ಯಾರ್ಥಿಗಳು ಬೀದಿಗಿಳಿದಿದ್ದಾರೆ. ಇಂಥ ಹೊತ್ತಿನಲ್ಲಿ ಹುಡುಗನನ್ನು ಕರೆಸುವುದು ಕ್ಷೇಮವಲ್ಲ. ಅಲ್ಲದೆ ಅಂಗಡಿಗೆ ಸುಣ್ಣಬಣ್ಣ ಮಾಡಿಸುತ್ತಿದ್ದೇನೆ. ಮಲಗಲು ಜಾಗವಿಲ್ಲ. ಬಂದವನು ಎಲ್ಲಿರುತ್ತಾನೆ?

ಉಪವಾಸ ಮುಗಿದು ಈದ್ ಕಳೆಯಲಿ. ಹಡಗುಗಳಲ್ಲಿ ಆಗ ಜನ ಕಡಿಮೆ. ನಿಶ್ಚಿಂತೆಯಿಂದ ಬರುತ್ತೇನೆ. ಬರುವಾಗ ಸೊಸೆಗೆ ಜರಿಯ ಸೆರಗು ತರುತ್ತೇನೆ. ಮದುಮಗಳ ತಲೆಯ ಕಿರೀಟವನ್ನು ಬಾಡಿಗೆಗೆ ತರುವುದು ಬೇಡ, ನಮ್ಮ ಮನೆತನಕ್ಕೆ ಅದು ಶೋಭೆಯಲ್ಲ.

ನನಗೆ ಈಚೆಗೆ ಕನಸಿನಲ್ಲಿ ಆ ಮಾವಿನಮರ ಬರುತ್ತದೆ. ನೀನು ಅದರ ಬಗ್ಗೆ ಬರೆಯಲೇ ಇಲ್ಲ.

ಬಹ್ರುಮ್


ಲುಬುಕ್ ಕಲಾಮ್
೨೮ ಡಿಸೆಂಬರ್ ೧೯೯೮

ಅಣ್ಣ,

ಮಾವಿನಮರ ಕಡಿದರು. ಬಿಲಗಳಿಗೆ ಆನಿಕೆ ಕಂಬ ಬೇಕಿತ್ತು.

ಉಪವಾಸ ನಡೆಯುತ್ತಿದೆ. ಸಂಜೆ ಉಪವಾಸ ಬಿಡುವ ಹೊತ್ತಿಗೆ ಮಾತ್ರ ಒಲೆ ಹಚ್ಚುತ್ತೇನೆ. ನಿನ್ನೆ ಪಕ್ಕದ ಮನೆಯ ಸ್ಯಾಮ್ಸುಯಿರ್ ಬಂದಿದ್ದ. ಲಾರಿ ಓಡಿಸುತ್ತಾನಲ್ಲ, ಅವನು. ಈರುಳ್ಳಿ ಹೇರಿಕೊಂಡು ಜಕಾರ್ತಾಕ್ಕೆ ಹೋಗಿದ್ದನಂತೆ. ಅಲ್ಲಿನ ಜತಿನೆಗಾರಾ ಪೇಟೆಯ ಒಂದು ಹೋಟೆಲಿನಲ್ಲಿ ಕೈತೊಳೆಯಲು ಹಿತ್ತಿಲಿಗೆ ಹೋದಾಗ ನಿನ್ನನ್ನು ಕಂಡನಂತೆ. ನೀನು ಕುಕ್ಕರುಗಾಲಲ್ಲಿ ಕೂತು ತಟ್ಟೆ ತೊಳೆಯುತ್ತಿದ್ದೆಯಂತೆ, ಮಾತಾಡಿಸಲು ಅವನಿಗೇ ನಾಚಿಕೆಯಾಗಿ ಹಿಂದಿರುಗಿದನಂತೆ. “ಅಕ್ಕಾ, ಅವ್ರ ಅಂಗಡಿ ಮೇ ತಿಂಗಳ ಬೆಂಕಿಯಲ್ಲೇ ಹೋಯ್ತಂತೆ, ಹೋಟೆಲಿನವ್ರು ಹೇಳಿದ್ರು,” ಅಂದ.

ನಾನು, “ಅದು ನನ್ನ ಅಣ್ಣ ಇರಲಿಕ್ಕಿಲ್ಲ ಬಿಡು, ಅವನಿಗೆ ತನ್ನ ತಟ್ಟೆ ತೊಳೆಯೋಕೂ ಬರಲ್ಲ,” ಅಂದೆ. ಗುಸ್ತಿನಾ ಒಳಗಿನಿಂದ ಕೇಳಿಸಿಕೊಂಡಳು.

ಅಣ್ಣ, ಕೇಳು. ಚಾಪೆ ನಮ್ಮದೇ. ವೀಳ್ಯದೆಲೆ ಅಂಗಳದ್ದೇ. ಎಮ್ಮೆ ಬೇಡ, ಜರಿ ಸೆರಗು ಬೇಡ. ನನ್ನ ಮದುವೆಯದೇ ಪೆಟ್ಟಿಗೆಯಲ್ಲಿದೆ, ಒಂದು ಕಡೆ ನುಸಿ ತಿಂದಿದೆ, ಮಡಚಿ ಹೊದ್ದರೆ ಕಾಣುವುದಿಲ್ಲ. ನೀನು ನಿನ್ನ ಬಾಯಿ ಮಾತ್ರ ತಂದರೆ ಸಾಕು. ಹಾಕಿಕೊಳ್ಳಲು ಒಳ್ಳೆ ಅಂಗಿ ಇಲ್ಲದಿದ್ದರೆ ನನ್ನ ಗಂಡನದು ಇದೆ, ಅವನೂ ನಿನ್ನ ಎತ್ತರವೇ ಇದ್ದ. ಹಡಗಿನ ಟಿಕೆಟಿಗೆ ದುಡ್ಡಿಲ್ಲದಿದ್ದರೆ ಸ್ಯಾಮ್ಸುಯಿರನ ಲಾರಿ ಈದ್ ಆದಮೇಲೆ ಮತ್ತೆ ಅಲ್ಲಿಗೆ ಹೋಗುತ್ತದೆ. ಮುಂದೆ ಕೂತು ಬಾ.

ನಾನು ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ.

ತಂಗಿ,
ಯರ್ನಿಸ್


ಜಕಾರ್ತಾ
೩೦ ಜನವರಿ ೧೯೯೯

ಯರ್ನಿಸ್‌ಗೆ,

ನಿನ್ನ ಸ್ಯಾಮ್ಸುಯಿರ್ ನೋಡಿದ್ದು ಬೇರೆ ಯಾರನ್ನೋ. ಜಕಾರ್ತಾದಲ್ಲಿ ನನ್ನಂತೆ ಕಾಣುವವರು ಬೇಕಾದಷ್ಟಿದ್ದಾರೆ. ಲಾರಿಯವರ ಮಾತು ಕಟ್ಟಿಕೊಂಡು ಸ್ವಂತ ಅಣ್ಣನಿಗೆ ಹಳೇ ಅಂಗಿ ಕೊಡುತ್ತೇನೆ ಎನ್ನುವ ಮಟ್ಟಕ್ಕೆ ಇಳಿದೆಯಲ್ಲ.

ಅವನ ಲಾರಿಯನ್ನು ಇತ್ತ ಕಳಿಸಬೇಡ. ಬಕ್ರೀದಿಗೆ ನಾನೇ ಬರುತ್ತೇನೆ, ನನ್ನ ಟಿಕೆಟಿನಲ್ಲಿ, ನನ್ನ ಅಂಗಿಯಲ್ಲಿ. ಅಲ್ಲಿಯವರೆಗೆ ಮದುವೆಯ ಮಾತು ಯಾರೂ ಎತ್ತುವುದು ಬೇಡ. ಮಾಮ ಇಲ್ಲದೆ ಏನೂ ಆಗಕೂಡದು.

ಬಹ್ರುಮ್


ಲುಬುಕ್ ಕಲಾಮ್
೯ ಮಾರ್ಚ್ ೧೯೯೯

ಮಾಮನಿಗೆ,

ಅಮ್ಮ ಬರೆಯುವ ಸ್ಥಿತಿಯಲ್ಲಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಸುಗೆಂಗ್ ಹೋದ ಸೋಮವಾರ ತೀರಿಹೋದ.

ಎರಡು ದಿನ ಮಳೆ ಹೊಯ್ದಿತ್ತು. ಬಿಲದಲ್ಲಿ ನೀರು ತುಂಬಿತ್ತು. ಡೀಸೆಲ್ ಪಂಪು ತಂದಿದ್ದರು. ಹೊರಗಿಟ್ಟರೆ ಮಳೆಗೆ ನೆನೆಯುತ್ತದೆಂದು ಬಿಲದ ಬಾಯಿಯ ಒಳಗೇ ಇಟ್ಟು ಚಾಲು ಮಾಡಿದರು. ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ. ಬೆಳಿಗ್ಗೆ ಸುಗೆಂಗ್ ಕೊಳವೆಯನ್ನು ಇನ್ನೂ ಕೆಳಗೆ ಇಳಿಸಲು ಒಳಗೆ ಹೋದ.

ನಾನು ಒಲೆಯ ಮುಂದಿದ್ದೆ. ಅವನ ಜೊತೆಗಾರ ಮನ್ಸೂರ್ ಓಡುತ್ತ ಬಂದ. “ಗುಸ್ತಿ, ಅವನು ಹೊರಗೆ ಬರ್ತಾ ಇಲ್ಲ. ಕೂಗಿದ್ರೆ ಓ ಅಂತಿಲ್ಲ.” ನಾನು ಜಾಲರಿಸೌಟು ಹಿಡಿದುಕೊಂಡೇ ಓಡಿದೆ. ಒಬ್ಬ ಆಗಲೇ ಒಳಗೆ ಹೋಗಿ ಅರ್ಧ ದಾರಿಯಲ್ಲಿ ಬಿದ್ದಿದ್ದ, ಅವನನ್ನು ಹಗ್ಗ ಹಾಕಿ ಎಳೆದಿದ್ದರು. ಅವನು ವಾಂತಿ ಮಾಡುತ್ತ ಕೂತಿದ್ದ, ಬದುಕಿಕೊಂಡ. ಸುಗೆಂಗನನ್ನು ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಮೈಮೇಲೆ ಒಂದು ಗಾಯ ಇರಲಿಲ್ಲ ಮಾಮ. ಮುಖ ಕೆಂಪಗಿತ್ತು, ಬಿಸಿಲಲ್ಲಿ ಆಡಿ ಬಂದವರ ಹಾಗೆ. ನಾನು ಎಬ್ಬಿಸುತ್ತಲೇ ಇದ್ದೆ. ಎಲ್ಲರೂ ನಿಂತು ನೋಡುತ್ತಿದ್ದರು, ಯಾರೂ ತಡೆಯಲಿಲ್ಲ, ಆಮೇಲೆ ಅಮ್ಮ ಬಂದು ನನ್ನ ಕೈ ಹಿಡಿದಳು.

ಮೈ ತೊಳೆಯುವಾಗ ನಾನು ಹೊರಗೆ ನಿಂತಿದ್ದೆ. ಹೆಂಡತಿಯಾಗಿದ್ದರೆ ತೊಳೆಯುವ ಹಕ್ಕಿರುತ್ತಿತ್ತು. ಮಸೀದಿಯಿಂದ ಬಂದ ಹಿರಿಯರೊಬ್ಬರು, “ಈ ಹುಡುಗಿ ಯಾರು? ಹೆಂಗಸರು ಆ ಕಡೆ ಇರಿ,” ಅಂದರು. ಅವನ ತಾಯಿ ಏನೋ ಹೇಳಲು ಹೋದಳು, ಅಷ್ಟರಲ್ಲಿ ಅವರು ಒಳಗೆ ಹೋಗಿದ್ದರು. ನಾನು ಆ ಕಡೆ ಹೋದೆ. ನೆರೆಹೊರೆಯ ಹೆಂಗಸರ ಜೊತೆ ಹೂವು ಬಿಡಿಸುತ್ತ ಕೂತೆ. ಯಾರೂ ನನ್ನ ಹತ್ತಿರ ಬಂದು ಸಮಾಧಾನ ಹೇಳಲಿಲ್ಲ. ಹೇಳಬೇಕಾದ್ದು ತಾಯಿಗೆ. ನಾನು ಅವನಿಗೆ ಯಾರೂ ಅಲ್ಲ.

ದಾತುಕ್ ಬಂದಿದ್ದರು. ಮಣ್ಣಾದ ಮೇಲೆ ಅಮ್ಮನ ಮುಂದೆ ನಿಂತು, “ಬಹ್ರುಮ್ ಬಂದಿದ್ರೆ ನಾನು ತಡೀತಿರಲಿಲ್ಲ ಯರ್ನಿಸ್. ಅದನ್ನ ನೀನು ನಂಬಬೇಕು,” ಅಂದರು. ಅಮ್ಮ, “ನಂಬ್ತೀನಿ,” ಅಂದಳು. ಅದಾದ ಮೇಲೆ ಅವಳು ಮಾತಾಡಿಲ್ಲ.

ನೀವು ತಟ್ಟೆ ತೊಳೆಯುತ್ತಿದ್ದೀರೆಂದು ನಮಗೆಲ್ಲ ಗೊತ್ತಿತ್ತು. ಅಮ್ಮ ಹೇಳಲಿಲ್ಲ, ನಾನೇ ಸುಗೆಂಗ್‌ಗೆ ಹೇಳಿದೆ. ಅವನು ನಕ್ಕ. “ಒಳ್ಳೇದೇ ಆಯ್ತಲ್ಲ. ಒಬ್ರು ತೊಳೆಯೋದು, ಒಬ್ರು ಒರೆಸೋದು. ಮಾಮ ಒಬ್ರೇ ಎರಡೂ ಮಾಡಿದ್ರೆ ಬೆನ್ನು ನೋಯುತ್ತೆ,” ಅಂದ. ಒಳ್ಳೆ ಅಂಗಡಿಗೆ ಹೋಗುವುದಕ್ಕಿಂತ ಅದೇ ಅವನಿಗೆ ಸುಲಭವೆನಿಸಿತ್ತು, ಹೆದರಿಕೆ ಹೋಗಿತ್ತು. ನೀವು ಕರೆಯುತ್ತೀರೆಂದು ಕಾಯುತ್ತಿದ್ದ.

ಬಕ್ರೀದಿಗೆ ಬರುತ್ತೇನೆಂದು ಬರೆದಿದ್ದೀರಿ. ಹಬ್ಬಕ್ಕೆ ಇನ್ನೂ ದಿನಗಳಿವೆ. ಬರಬೇಕೆಂದೇನೂ ಇಲ್ಲ.

ಗುಸ್ತಿನಾ


ಲುಬುಕ್ ಕಲಾಮ್
೨೦ ಜೂನ್ ೧೯೯೯

ಮಗಳೇ ಗುಸ್ತಿನಾ,

ನಿನ್ನ ವಿಳಾಸವನ್ನು ಅಮ್ಮನಿಂದ ಪಡೆಯಲಿಲ್ಲ, ನಿನ್ನನ್ನು ಕೆಲಸಕ್ಕೆಂದು ಮಲೇಷ್ಯಾಕ್ಕೆ ಕಳಿಸಿದ ಏಜೆಂಟನ ಮನೆಗೆ ಹೋಗಿ ಕೇಳಿಕೊಂಡು ಬಂದೆ. ನಾನು ಊರಿಗೆ ಬಂದಾಗ ನೀನು ಹೊರಟು ವಾರವಾಗಿತ್ತು. ನಾನು ಬರುವ ಸುದ್ದಿ ತಿಳಿದೇ ಹೊರಟೆಯೆಂದು ಮನ್ಸೂರ್ ಹೇಳಿದ. ಅವನಿಗೆ ಮುಚ್ಚಿಡಲು ಬರುವುದಿಲ್ಲ.

ಸ್ಯಾಮ್ಸುಯಿರನ ಲಾರಿಯಲ್ಲೇ ಬಂದೆ. ಅವನು ದಾರಿಯುದ್ದಕ್ಕೂ ಈರುಳ್ಳಿಯ ಬೆಲೆಯ ಬಗ್ಗೆ ಮಾತಾಡಿದ, ಬೇರೇನೂ ಕೇಳಲಿಲ್ಲ. ಬಾಗಿಲಲ್ಲಿ ನಿಂತಾಗ ನಿನ್ನಮ್ಮ ನೋಡಿದಳು. “ಕಾಲು ತೊಳ್ಕೊ,” ಅಂದಳು. ಊಟ ಬಡಿಸಿದಳು. ದಿನವೂ ಬಡಿಸುತ್ತಾಳೆ. ಬೈದಿದ್ದರೆ ಚೆನ್ನಾಗಿತ್ತು.

ದಾತುಕ್ ಮನೆಗೆ ಹೋದೆ. ಯಾಕೆ ಹೋದೆನೋ ತಿಳಿಯದು. ಅವನು ಚಾಪೆ ಹಾಸಿದ, ವೀಳ್ಯ ಇಟ್ಟ. ಇಬ್ಬರೂ ಕೂತೆವು. “ಹೇಳು ಬಹ್ರುಮ್,” ಅಂದ. ನಾನು ದಾರಿಯಲ್ಲೆಲ್ಲ ಜೋಡಿಸಿಕೊಂಡು ಬಂದ ಮಾತುಗಳಿದ್ದವು, ಗಾದೆಗಳಿದ್ದವು, ಹಿರಿಯರು ಕುಲಕ್ಕೆ ಸೇರಿಸಿಕೊಂಡವರ ಉದಾಹರಣೆಗಳಿದ್ದವು. ಬಾಯಿ ತೆರೆದೆ. “ಹುಡುಗ ಒಳ್ಳೆಯವನಿದ್ದ ಅಂತ ಕೇಳ್ದೆ,” ಅಂದೆ. “ಹೌದು,” ಅಂದ. ಅಷ್ಟೇ. ಎಲೆ ಅಗಿದು ಎದ್ದುಬಂದೆ. ನಾನು ಆ ಹುಡುಗನ ಮುಖವನ್ನೂ ನೋಡಿದವನಲ್ಲ.

ಅವನ ತಾಯಿ ಜಾವಾಕ್ಕೆ, ಅಕ್ಕನ ಮಗನ ಮನೆಗೆ ಹೊರಟುಹೋದಳು. ಆ ಮನೆಗೆ ಬೀಗ ಹಾಕಿದೆ.

ಈಗ ನಾನೂ ಗುಡ್ಡದ ಹಿಂದೆ ಹೋಗುತ್ತೇನೆ. ಮೊದಮೊದಲು ಚೀಲ ಹೊರುತ್ತಿದ್ದೆ. ಈಗ ಒಳಗೆ ಇಳಿಯುತ್ತೇನೆ. ಅದೇ ಬಿಲ. ಮಳೆ ನಿಂತ ಮೇಲೆ ನೀರು ಬಸಿದು ಮತ್ತೆ ತೆರೆದಿದ್ದಾರೆ. ಮನ್ಸೂರ್, “ಬೇಡ ಯಜಮಾನ್ರೆ, ನಿಮಗೆ ವಯಸ್ಸಾಯ್ತು, ಅಲ್ಲಿ ತಲೆ ಎತ್ತೋಕೂ ಆಗಲ್ಲ,” ಅಂದ. ತಲೆ ಎತ್ತುವುದು ನನಗೆಲ್ಲಿ ಬೇಕಾಗಿದೆ ಎಂದೆ. ಬಂದ ದುಡ್ಡನ್ನೆಲ್ಲ ನಿನ್ನಮ್ಮನ ಒಲೆಯ ಪಕ್ಕ ಇಡುತ್ತೇನೆ. ಅವಳು ಮುಟ್ಟುವುದಿಲ್ಲ. ಮಾರನೆಯ ದಿನವೂ ಅಲ್ಲೇ ಇರುತ್ತದೆ.

ಅಲ್ಲಿ ನನಗೇನಾದರೂ ಆದರೆ ಆಗಲಿ ಮಗಳೇ. ಅದು ನ್ಯಾಯವೇ ಎಂದು ನನಗೆ ಅನಿಸುತ್ತದೆ. ನಿನಗೂ ಅನಿಸಬಹುದು.

ನಿನ್ನ ಮಾಮ,
ಬಹ್ರುಮ್


ಇಪೋ, ಮಲೇಷ್ಯಾ
೧೫ ಆಗಸ್ಟ್ ೧೯೯೯

ಮಾಮನಿಗೆ,

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಬಾರದೆಂದಿದ್ದೆ.

ಇಲ್ಲಿ ಮುದುಕಿಯೊಬ್ಬಳನ್ನು ನೋಡಿಕೊಳ್ಳುತ್ತೇನೆ. ಅವಳಿಗೆ ನೆನಪಿಲ್ಲ. ದಿನವೂ ಬೆಳಿಗ್ಗೆ ‘ನೀನು ಯಾರು’ ಅಂತ ಕೇಳುತ್ತಾಳೆ, ನಾನು ಹೆಸರು ಹೇಳುತ್ತೇನೆ. ‘ಮದುವೆಯಾಗಿದೆಯಾ’ ಅನ್ನುತ್ತಾಳೆ. ಒಮ್ಮೆ ಹೌದು ಅನ್ನುತ್ತೇನೆ, ಒಮ್ಮೆ ಇಲ್ಲ ಅನ್ನುತ್ತೇನೆ. ಅವಳಿಗೆ ಎರಡೂ ಒಂದೇ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ಬೆಳಿಗ್ಗೆ ಎದ್ದು ಒಲೆ ಹಚ್ಚುವಾಗ ಇರುತ್ತದೆ, ಮಲಗುವಾಗಲೂ ಇರುತ್ತದೆ. ಈ ಊರಿನಲ್ಲಿ ನನ್ನದೆನ್ನುವುದು ಸದ್ಯಕ್ಕೆ ಅದೊಂದೇ.

ನ್ಯಾಯ ಅಂತ ಬರೆದಿದ್ದೀರಿ. ನೀವು ಆ ಬಿಲದಲ್ಲಿ ಸತ್ತರೆ ನಿಮ್ಮ ಮೈಯನ್ನು ಹೊರಗೆಳೆಯಬೇಕಾದವರು ಮನ್ಸೂರ್ ಮತ್ತು ಅವನ ಜೊತೆಯವರು. ಅಳಬೇಕಾದವಳು ಅಮ್ಮ. ಇಲ್ಲಿ ಕೂತು ನಾನು ನಿಮ್ಮನ್ನು ಕ್ಷಮಿಸಬೇಕಾಗುತ್ತದೆ, ಸತ್ತವರ ಮೇಲೆ ಸಿಟ್ಟಿಟ್ಟುಕೊಳ್ಳಬಾರದು ಅನ್ನುತ್ತಾರಲ್ಲ. ನನಗೆ ಅದಕ್ಕೆ ಮನಸ್ಸಿಲ್ಲ. ನಿಮಗೆ ಅಷ್ಟು ಸುಲಭವಾಗುವುದು ಬೇಡ.

ಹೊರಗೆ ಬನ್ನಿ. ಹೊರಗೇ ಇರಿ. ಅಮ್ಮ ಮಾತಾಡದಿದ್ದರೂ ಅವಳ ಪಕ್ಕ ಕೂತು ಬಾಳೆಹಣ್ಣು ಸುಲಿಯಿರಿ.

ಇನ್ನು ಬರೆಯುವುದಿಲ್ಲ.

ಗುಸ್ತಿನಾ